ಒಬ್ಬರ ಪಾಲಿನ ಕಷಾಯ

ಮಾನ್ಯ ಡಾಕ್ಟರ್ ಅವರಿಗೆ,

ರಕ್ತದೊತ್ತಡಕ್ಕೆಂದು ನೀವು ನಡೆಸುತ್ತಿರುವ ಸೊಪ್ಪಿನ ಪುಡಿಯ ಪರೀಕ್ಷೆಗೆ ಸೇರಿದವರಲ್ಲಿ ನಲವತ್ತೇಳನೆಯವಳು ನನ್ನ ಹೆಂಡತಿ. ಹೋದ ತಿಂಗಳು ಒತ್ತಡ ಏರಿ ತೀರಿಕೊಂಡಳು.

ವಯಸ್ಸು ಮೀರಿದೆಯೆಂದು ನೀವು ನನ್ನನ್ನು ಸೇರಿಸಿಕೊಳ್ಳಲಿಲ್ಲ. ಆದರೂ ಅವಳು ದಿನಾ ಬೆಳಿಗ್ಗೆ ಪುಡಿ ಕುದಿಸಿ ನನ್ನ ಮುಂದಿಡುತ್ತಿದ್ದಳು. "ನಿಮಗೂ ಬೇರೆ ಕೇಳಿ ತಂದಿದ್ದೀನಿ ಕಣ್ರೀ. ನಂದಾಯ್ತು. ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡ್ಬೇಡಿ, ಕುಡೀರಿ," ಎನ್ನುತ್ತಿದ್ದಳು.

ಮೊನ್ನೆ ಉಳಿದ ಪೊಟ್ಟಣಗಳನ್ನು ಹಿಂದಿರುಗಿಸಲು ಬಂದಾಗ ನಿಮ್ಮ ನರ್ಸ್ ಎಣಿಸಿ ನೋಡಿದರು. "ನಾವು ಕೊಟ್ಟಿದ್ದು ದಿನಕ್ಕೊಂದೇ ಪೊಟ್ಟಣ, ಲೆಕ್ಕ ಸರಿ ಇದೆ ಅಜ್ಜ. ಪಾಪ, ಅಜ್ಜಿ ಒಂದಿನವೂ ತಪ್ಪಿಸಿಲ್ಲ," ಎಂದರು. ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ದಯವಿಟ್ಟು ಅವಳಿಗೆ ಔಷಧಿ ಹಿಡಿಯಲಿಲ್ಲವೆಂದು ಬರೆದುಕೊಳ್ಳಬೇಡಿ. ಅವಳು ಅದನ್ನು ಕುಡಿದೇ ಇಲ್ಲ. ಕುಡಿದವನು ನಾನು.

ಮೊದಲು ನೂರ ಎಪ್ಪತ್ತೆರಡು ಇದ್ದ ನನ್ನ ಒತ್ತಡ, ಅವಳು ಕುಸಿದು ಬೀಳುವ ಹಿಂದಿನ ದಿನ ನೂರ ಇಪ್ಪತ್ತೆಂಟಕ್ಕೆ ಇಳಿದಿತ್ತು. ಅವಳು ಅದನ್ನು ಬರೆದುಕೊಟ್ಟಿದ್ದ ಚೀಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಹೋಗಿ ಪಕ್ಕದ ಮನೆಯವರಿಗೆಲ್ಲ ತೋರಿಸಿ ಬಂದಳು.

ಇಂತಿ,
ಅವಳ ಗಂಡ