ಉಳಿದ ಗುಳಿಗೆಗಳ ಡಬ್ಬಿ

ಶಾಂತಕ್ಕಾ,

ನಿನ್ನ ಗುಳಿಗೆಗಳ ಡಬ್ಬಿ ಇನ್ನೂ ಅಡಿಗೆಮನೆಯ ಗೂಡಿನಲ್ಲೇ ಇದೆ. ಉಸ್ಮಾನಿಯಾ ಬಿಸ್ಕತ್ತಿನ ಹಳೆಯ ಡಬ್ಬಿ. ಮುಚ್ಚಳ ತೆಗೆದರೆ ಈಗಲೂ ಬೆಣ್ಣೆ ಮತ್ತು ಔಷಧಿಯ ವಾಸನೆ ಒಟ್ಟಿಗೇ ಬರುತ್ತದೆ. ಭಾವ ತೀರಿಕೊಂಡ ಮೇಲೆ ನೀನು ಕಲಬುರಗಿ ಬಿಟ್ಟು ಮಲ್ಕಾಜ್‌ಗಿರಿಗೆ, ನಮ್ಮ ಮನೆಗೆ ಬಂದೆ. ನಾಲ್ಕೇ ತಿಂಗಳಲ್ಲಿ ಓಣಿಯ ಅರ್ಧ ಜನ ನಿನ್ನ ರೋಗಿಗಳು. ಗಂಟಲು, ಹೊಟ್ಟೆ, ಜ್ವರ, ಏನೇ ಇರಲಿ, ಬಾಗಿಲಿಗೆ ಬಂದವರಿಗೆ ನೀನು ಕತ್ತರಿ ಹಿಡಿದು ಎರಡೆರಡು ಗುಳಿಗೆ ಕತ್ತರಿಸಿ ಕೊಡುತ್ತಿದ್ದೆ. ಪಕ್ಕದ ಮನೆಯ ಪದ್ಮಮ್ಮ ನಿನ್ನನ್ನು ಡಾಕ್ಟರಮ್ಮ ಎಂದದ್ದು ತಮಾಷೆಗೋ ನಿಜಕ್ಕೋ, ನಿನಗಂತೂ ಒಳಗೊಳಗೇ ಖುಷಿ.

ಆ ಡಬ್ಬಿ ತುಂಬುತ್ತಿದ್ದದ್ದು ಹೇಗೆಂದು ನನಗೆ ಗೊತ್ತಿದೆಯಲ್ಲ. ನಿನಗೆ ಉರಿಮೂತ್ರ ಬಂದಾಗಲೆಲ್ಲ ನಾನು ಡಾಕ್ಟರು ಎಂದೋ ಬರೆದುಕೊಟ್ಟ ಅದೇ ಹಳೆಯ ಚೀಟಿ ಹಿಡಿದು ಸ್ಟೇಷನ್ ಹತ್ತಿರದ ಮೆಡಿಕಲ್ ಅಂಗಡಿಗೆ ಹೋಗಿ ಏಳು ದಿನದ ಗುಳಿಗೆ ತರುತ್ತಿದ್ದೆ. ಮೂರನೆಯ ದಿನಕ್ಕೆ ಉರಿ ಇಳಿಯುತ್ತಿತ್ತು. "ಆರಾಮ ಆದ ಮ್ಯಾಲ ಯಾಕ ನುಂಗಬೇಕು? ಇರ್ಲಿ ಬಿಡವಾ, ಯಾರಿಗರೆ ಬೇಕಾಗತೈತಿ," ಎಂದು ನೀನು ಉಳಿದದ್ದನ್ನು ಡಬ್ಬಿಗೆ ಹಾಕುತ್ತಿದ್ದೆ. ನಾನೂ ಹೂಂಗುಡುತ್ತಿದ್ದೆ. ಉಳಿದ ರೊಟ್ಟಿಯನ್ನು ಕುಟ್ಟಿ ಮುಟಗಿ ಮಾಡಿ ತಿನ್ನುವ ಮನೆತನ ನಮ್ಮದು, ಗುಳಿಗೆ ಚೆಲ್ಲುತ್ತೇವೆಯೇ?

ಆಸ್ಪತ್ರೆಯ ಕಡೆಯ ವಾರ ನೀನು ಮಂಪರಿನಲ್ಲಿದ್ದೆ. ಉರಿಮೂತ್ರದ ರೋಗಾಣು ರಕ್ತಕ್ಕೆ ಹತ್ತಿದೆ ಎಂದು ಡಾಕ್ಟರು ಒಂದು ಕಾಗದ ತೋರಿಸಿದರು. ಎಡಗಡೆ ಔಷಧಿಗಳ ಹೆಸರು, ಬಲಗಡೆ ಹೆಚ್ಚುಕಡಿಮೆ ಎಲ್ಲದರ ಎದುರೂ ಒಂದೇ ಅಕ್ಷರ, 'ಆರ್'. ಆ ಔಷಧಿಗೆ ರೋಗಾಣು ಜಗ್ಗುವುದಿಲ್ಲ ಎಂದು ಅರ್ಥವಂತೆ. ನಾನು ತರುತ್ತಿದ್ದ ಗುಳಿಗೆಯ ಹೆಸರು ಮೊದಲ ಸಾಲಿನಲ್ಲೇ ಇತ್ತು. ನಿನಗೆ ಹೇಳಲಿಲ್ಲ. ಒಮ್ಮೆ ಕಣ್ಣು ಬಿಟ್ಟು ನೀನು ಕೇಳಿದ್ದು, "ಡಬ್ಬ್ಯಾಗಿನ ಗುಳಿಗಿ ತಂದಿ ಏನ?" ನಾನು ತಲೆ ಆಡಿಸಿದೆ. ಹೌದೆಂದೋ, ಇಲ್ಲವೆಂದೋ...

ನಿನ್ನ ಹದಿಮೂರನೆಯ ದಿನ ಮುಗಿದ ಮೇಲೆ ನನ್ನ ಮಗಳು ಸುಧಾಳನ್ನು ಕೂರಿಸಿಕೊಂಡು ಕೇಳಿದೆ. ಅವಳು ಕಾಲೇಜಿನಲ್ಲಿ ಓದುವುದು ಈ ಸೂಕ್ಷ್ಮಜೀವಿಗಳನ್ನೇ ಅಲ್ಲವೇ? ಕ್ಯಾಲೆಂಡರಿನ ಹಾಳೆಯ ಹಿಂದೆ ಅಕ್ಕಿಕಾಳಿನಂಥ ಎರಡು ಬ್ಯಾಕ್ಟೀರಿಯ ಬರೆದಳು. ಒಂದರೊಳಗೆ ಪುಟ್ಟ ಉಂಗುರ. ಅದು ಪ್ಲಾಸ್ಮಿಡ್, ಡಿಎನ್‌ಎಯ ಉಂಗುರ. ಔಷಧಿಯನ್ನು ಸೋಲಿಸುವ ವಿದ್ಯೆ ಅದರಲ್ಲಿ ಇರಬಹುದಂತೆ. ಉಂಗುರ ಇರುವ ಬ್ಯಾಕ್ಟೀರಿಯ ಕೂದಲಿನಂಥ ಕೊಳವೆ ಚಾಚಿ ಪಕ್ಕದ್ದನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಉಂಗುರ ಜೋಡಿ ಎಳೆಯದು. ಒಂದೆಳೆ ತುಂಡಾಗಿ, ಬಿಚ್ಚಿಕೊಳ್ಳುತ್ತ ಆಚೆಯದರೊಳಗೆ ಹೋಗುತ್ತದೆ. ಇಲ್ಲಿ ಉಳಿದ ಎಳೆಗೂ ಅಲ್ಲಿ ಹೋದ ಎಳೆಗೂ ಹೊಸ ಜೋಡಿ ಬೆಳೆದು ಕೊನೆಗೆ ಎರಡರಲ್ಲೂ ಪೂರ್ತಿ ಉಂಗುರ.

"ಹಂಗಾರ ಕೊಟ್ಟದ್ದಕ್ಕ ಏನೂ ಕಮ್ಮಿ ಆಗೂದಿಲ್ಲೇನ?" ಎಂದೆ.

"ಇಲ್ಲಮ್ಮ. ತಗೊಂಡದ್ದೂ ನಾಳೆ ಇನ್ನೊಂದಕ್ಕ ಕೊಡ್ತೈತಿ. ಬ್ಯಾರೆ ಜಾತಿದ್ದಕ್ಕೂ ಕೊಡ್ತೈತಿ. ಹೊಟ್ಟ್ಯಾಗ ಸುಮ್ನ ಇದ್ದದ್ದು ರೋಗದ್ದಕ್ಕ ಕೊಡಬಹುದು."

ಔಷಧಿ ಬಿದ್ದಾಗಲೆಲ್ಲ ಉಂಗುರ ಇಲ್ಲದವು ಸಾಯುತ್ತವೆ, ಇದ್ದವು ಉಳಿದು ಹೆಚ್ಚುತ್ತವೆ ಎಂದೂ ಹೇಳಿದಳು. ಅಕ್ಕಾ, ಅಷ್ಟು ದುಃಖದಲ್ಲೂ ನನಗೆ ನಗು ಬಂತು. ನೆರೆಯವರಿಗೆ ಕೊಡದೆ ಇರಲಾರದ ಸ್ವಭಾವ ಅವಕ್ಕೂ ಇದೆಯಲ್ಲ. ಆಮೇಲೆ ನಗು ನಿಂತಿತು. ನಾನು ತಂದ ಗುಳಿಗೆಯಿಂದಲೇ ದೊಡ್ಡವ್ವ ಹೋದಳೇನೆ ಎಂದು ಕೇಳಿದೆ. ಸುಧಾ ಪೆನ್ನಿಗೆ ಮುಚ್ಚಳ ಹಾಕಿದಳು. "ಎಲ್ಲಿಂದ ಬಂತು ಅಂತ ಯಾರಿಗೂ ಹೇಳಾಕ ಬರೂದಿಲ್ಲಮ್ಮ," ಎಂದಳು. ಅಲ್ಲ ಎನ್ನಲಿಲ್ಲ. ಎಂದಿದ್ದರೆ ನಂಬುತ್ತಿದ್ದೆನೇ?

ಹೋದ ವಾರ ಪದ್ಮಮ್ಮ ಬಂದರು. ನಿನಗೆ ಬರುತ್ತಿದ್ದ ಉರಿಯೇ. ಡಬ್ಬಿಯಿಂದ ಎರಡು ಗೋಲಿ ಕೊಡಿ ಎಂದು ತೆಲುಗಿನಲ್ಲಿ ಮೆಲ್ಲಗೆ ಕೇಳಿದರು. ನನ್ನ ಕೈ ಗೂಡಿನವರೆಗೂ ಹೋಗಿ ನಿಂತಿತು. ಕೊಡುವುದಿಲ್ಲ ಎಂದೆ. ಅವರ ಮುಖ ಸಣ್ಣದಾಯಿತು. ಡಾಕ್ಟರಮ್ಮ ಇದ್ದಿದ್ದರೆ ಕೊಡುತ್ತಿದ್ದರು ಎಂದು ಚಪ್ಪಲಿ ಮೆಟ್ಟಿಕೊಂಡರು. ಹೊಸ್ತಿಲ ಮೇಲೆಯೇ ತಡೆದು, ಹೊರಗಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಅವರಿಗೆ ಹೇಳಿದೆ. ಆ ಕಾಗದ, ಅದರಲ್ಲಿದ್ದ ಹೆಸರು, ನನ್ನ ಹಳೆಯ ಚೀಟಿ, ಎಲ್ಲ. ಅವರು ನನ್ನ ಕೈ ಹಿಡಿದುಕೊಂಡರು. ನಂತರ ಇಬ್ಬರೂ ಕ್ಲಿನಿಕ್ಕಿಗೆ ನಡೆದೆವು.

ಎರಡು ದಿನ ಬಿಟ್ಟು ಮೂತ್ರಪರೀಕ್ಷೆಯ ಕಾಗದ ಬಂತು. ಹೆಸರು ಓದಲಿಲ್ಲ, ಮೊದಲು ಬಲಗಡೆಯನ್ನೇ ನೋಡಿದೆ. 'ಎಸ್', 'ಎಸ್', 'ಎಸ್'. ಪದ್ಮಮ್ಮನ ರೋಗಾಣು ಇನ್ನೂ ಜಗ್ಗುತ್ತದೆ, ಅಕ್ಕಾ. ಮಾಮೂಲಿ ಗುಳಿಗೆಯೇ ಸಾಕಂತೆ, ಏಳು ದಿನ.

ಇವತ್ತು ಐದನೆಯ ದಿನ. ಆರಾಮಾಗಿದ್ದೇನೆ, ಇನ್ನು ಬೇಡ ಎಂದು ಪದ್ಮಮ್ಮ ರಾಗ ಎಳೆದರು. ನಾನು ನೀರಿನ ಲೋಟ ಕೊಟ್ಟು, ಅವರು ನುಂಗುವವರೆಗೂ ಎದುರಿಗೆ ನಿಂತೆ. ನಾಳೆಯೂ ನಿಲ್ಲುತ್ತೇನೆ, ನಾಡಿದ್ದೂ ನಿಲ್ಲುತ್ತೇನೆ. ನಿನ್ನೆದುರು ಒಂದು ಸಲವಾದರೂ ಹೀಗೆ ನಿಂತಿದ್ದರೆ...

ನಿನ್ನ ತಂಗಿ,
ಸರೋಜಾ