ಭಾಗ್ಯವಸತಿ

ಕೂಡಲಕೇರಿ
ವೈಶಾಖ ಮೂವತ್ತೆಂಟು, ಒಕ್ಕೂಟ ಶಕೆ ತೊಂಬತ್ತೊಂದು

ನನಗಿಂತ ಆರೇಳು ತಲೆಮಾರು ಹಿಂದೆ ಬದುಕುತ್ತಿರುವ ಹಿರಿಯರಿಗೆ,

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಸರಿಯಿಲ್ಲ ಅಂದುಕೊಳ್ಳಬೇಡಿ. ನಮ್ಮಲ್ಲಿ ವೈಶಾಖಕ್ಕೆ ನಲವತ್ತೈದು ದಿನ. ಬೇಸಿಗೆ ಮುಗಿಯುವ ಮೊದಲೇ ತಿಂಗಳು ಮುಗಿದುಹೋಗುತ್ತಿತ್ತು, ಆದ್ದರಿಂದ ಪಂಚಾಂಗವನ್ನೇ ಹಿಗ್ಗಿಸಿದರು. ನನ್ನ ಕನ್ನಡದಲ್ಲಿ ನೀವು ಕೇಳರಿಯದ ಮಾತುಗಳು ಬರುತ್ತವೆ; ಬಂದಲ್ಲೇ ಅರ್ಥ ಹೇಳುತ್ತೇನೆ, ಮನ್ನಿಸಿ. ಈ ಕಾಗದ ನಿಮಗೆ ಹಿಂದಂಚೆಯಲ್ಲಿ ಬರುತ್ತಿದೆ. ತೀರಿಹೋದ ಅಜ್ಜ ಅಜ್ಜಿಯರಿಗೆ ಜನ ನಾಲ್ಕು ಮಾತು ಕಳಿಸುವ ಯಂತ್ರ ಅದು. ಮಾತು ಹಿಂದಕ್ಕೆ ಹೋಗುತ್ತದೆ ಎನ್ನುತ್ತಾರೆ, ತಲುಪುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಭಯವಾಗಿದೆ, ಆ ಭಯವನ್ನು ಹೇಳಿಕೊಳ್ಳುವಂಥವರು ನನ್ನ ಕಾಲದಲ್ಲಿ ಉಳಿದಿಲ್ಲ.

ನನ್ನ ಹೆಸರು ಶಿವಲೀಲಾ. ಹೇಳಬೇಕಾಗಿರುವುದು ನನ್ನ ದೊಡ್ಡವ್ವ ಭೌರವ್ವನ ವಿಷಯ. ಅವಳು ನನ್ನ ತಾಯಿಯ ಅಕ್ಕ. ಅದಕ್ಕೂ ಮೊದಲು ನಾವು ಹೇಗೆ ಬದುಕುತ್ತೇವೆಂದು ತಿಳಿಸದಿದ್ದರೆ ನಿಮಗೆ ಏನೂ ಅರ್ಥವಾಗುವುದಿಲ್ಲ.

ಬೇಸಿಗೆಯಲ್ಲಿ ನಮ್ಮ ಬಯಲುಸೀಮೆಯ ಮೇಲೆ ಉರಿಗಾಳಿ ಬೀಸುತ್ತದೆ. ಅದು ಬೀಸುವಾಗ ಹೊರಗಿದ್ದವರು ಉಳಿಯುವುದಿಲ್ಲ. ಹಾಗಾಗಿ ಪ್ರತಿ ಊರಿಗೂ ನೆಲದಡಿಯಲ್ಲಿ ಒಂದು ತಂಪುಮನೆ ಇದೆ. ಕಲ್ಯಾಣ ಮಂಟಪದಷ್ಟು ದೊಡ್ಡದು, ದೊಡ್ಡ ಯಂತ್ರವೊಂದು ಅದನ್ನು ತಣ್ಣಗಿಡುತ್ತದೆ. ಗಾಳಿ ಏಳುವ ಅರ್ಧ ದಿನ ಮೊದಲು ಕಹಳೆ ಊದುತ್ತಾರೆ. ಜನ ಚಾಪೆ, ನೀರಿನ ಕೊಡ, ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು ಹಿಡಿದು ಸಾಲಾಗಿ ಇಳಿಯುತ್ತಾರೆ. ಒಳಗೇ ಮಕ್ಕಳಿಗೆ ಪಾಠ ನಡೆಯುತ್ತದೆ, ಹೆಣ್ಣು ಗಂಡಿನ ಮಾತುಕತೆಯಾಗುತ್ತದೆ, ಮುದುಕರು ಚೌಕಾಬಾರ ಆಡುತ್ತಾರೆ. ಗಾಳಿ ನಿಲ್ಲುವವರೆಗೆ ಬಾಗಿಲು ತೆರೆಯುವುದಿಲ್ಲ, ಒಳಗಿನವರು ನೂಕಿದರೂ ತೆರೆಯುವುದಿಲ್ಲ. ಗೋಡೆಯ ಮೇಲೆ ಸದನಪೆಟ್ಟಿಗೆ ಇರುತ್ತದೆ. ಮಹಾಸಭೆಯಲ್ಲಿ ನಮ್ಮ ಪ್ರತಿನಿಧಿಗಳು ಆಡುವ ಪ್ರತಿಯೊಂದು ಮಾತು ಅದರಲ್ಲಿ ಕೇಳುತ್ತದೆ. ಅದನ್ನು ನಿಲ್ಲಿಸುವ ಗುಂಡಿ ಇಲ್ಲ. ನಾವು ಬೆಳೆದದ್ದೇ ಆ ಭಾಷಣಗಳನ್ನು ಕೇಳುತ್ತ.

ದೊಡ್ಡವ್ವನನ್ನು ಕೊಟ್ಟ ಊರು ಹಳೇಬಾವಡಿ. ಆ ಊರು ಬೆಳೆದಿತ್ತು, ತಂಪುಮನೆ ಬೆಳೆದಿರಲಿಲ್ಲ. ಎರಡನೆಯದು ಕಟ್ಟಿಸಿಕೊಡಿ ಎಂದು ಊರಿನವರು ಹಲವು ಸಲ ಕೇಳಿಕೊಂಡಿದ್ದರು. ಒಂದು ವೈಶಾಖದಲ್ಲಿ ಕಹಳೆ ಊದಿದಾಗ ದೊಡ್ಡವ್ವ ತಪ್ಪಿಸಿಕೊಂಡಿದ್ದ ಆಡನ್ನು ಹುಡುಕಲು ಹೋಗಿ ತಡವಾಗಿ ಬಂದಳು. ಗಂಡ, ಅತ್ತೆ, ಮೈದುನರು ಆಗಲೇ ಒಳಗಿದ್ದರು. ಬಾಗಿಲ ಕಾಯುವವನು ಕೈ ಅಡ್ಡ ಹಿಡಿದ.

"ಕಾಲಿಡಾಕ ಜಾಗಾ ಇಲ್ಲಬೇ. ಒಳಗಿನವರ ಉಸಿರಾಡಾಕ ಒದ್ದಾಡಾಕತ್ತಾರ. ಬ್ಯಾರೆ ಕಡೆ ನೋಡ್ಕೊ."

ಅವಳು ಆಡನ್ನು ಎಳೆದುಕೊಂಡು ಊರಾಚೆಯ ಹಳೆಯ ಮೆಟ್ಟಿಲು ಬಾವಿಗೆ ಇಳಿದಳು. ಸೊಂಟದ ಮಟ್ಟ ನೀರಿನಲ್ಲಿ ನಿಂತು, ಒದ್ದೆ ಸೆರಗನ್ನು ಮುಖಕ್ಕೆ ಹೊದ್ದು, ಗಾಳಿ ನಿಲ್ಲುವವರೆಗೆ ಕಾದಳು. ಅಷ್ಟು ಜನರ ಭಾರ ತಡೆಯದೆ ತಂಪುಮನೆಯ ಯಂತ್ರ ನಿಂತುಹೋಗಿತ್ತು. ಗಾಳಿ ನಿಂತು ಬಾಗಿಲು ತೆರೆದಾಗ ಒಳಗೆ ಯಾರೂ ಎದ್ದು ಬರಲಿಲ್ಲ.

ಆಗ ನನಗೆ ಏಳೆಂಟು ವರ್ಷ. ನಾವು ಬೇರೆ ಊರಿನ ತಂಪುಮನೆಯಲ್ಲಿ ಕುಳಿತು ಮಹಾಸಭೆಯ ಚರ್ಚೆ ಕೇಳಿದ್ದು ನೆನಪಿದೆ. ರಕ್ಷಣಾಮಂತ್ರಿ ಅಮರಗುಂಡಪ್ಪನವರು ಎದ್ದು ನಿಂತು ಹೇಳಿದರು: "ಮಾನ್ಯ ಅಧ್ಯಕ್ಷರೇ, ಈ ದುಃಖದ ನಡುವೆಯೂ ನಾವು ಭಾಗ್ಯವಂತರು. ಒಬ್ಬ ತಾಯಿ ಉಳಿದಿದ್ದಾಳೆ. ಸಾವೇ ಆಕೆಯನ್ನು ಕಂಡು ಹಿಂದೆ ಸರಿದಿದೆ. ಇದು ಈ ಒಕ್ಕೂಟದ ಪುಣ್ಯ." ಮೇಜು ತಟ್ಟಿದ ಸದ್ದು ಕೇಳಿಸಿತು. ವಿರೋಧ ಪಕ್ಷದ ನಾಯಕಿ ಪದ್ಮಲೋಚನಾ ಅವರು ಎದ್ದಾಗ ನಮ್ಮವ್ವ ನನ್ನ ಕೈ ಹಿಡಿದು, "ಈಕಿ ಕೇಳ್ತಾಳ ನೋಡು. ಎರಡನೇ ತಂಪುಮನಿ ಯಾಕ ಕಟ್ಟಲಿಲ್ಲಂತ ಕೇಳ್ತಾಳ," ಅಂದಳು. ಆ ನಾಯಕಿ ಹೇಳಿದ್ದು ಇಷ್ಟು: "ಆ ಪುಣ್ಯದಲ್ಲಿ ನಮ್ಮ ಪಕ್ಷಕ್ಕೂ ಪಾಲಿದೆ. ಆ ತಾಯಿ ಹುಟ್ಟಿದಾಗ ಅಧಿಕಾರದಲ್ಲಿದ್ದವರು ನಾವು." ಅವ್ವ ನನ್ನ ಕೈ ಬಿಟ್ಟಳು.

ದೊಡ್ಡವ್ವ ನಮ್ಮ ಮನೆಗೆ ಬಂದಳು. ಅವಳು ಹೆಚ್ಚು ಮಾತಾಡುತ್ತಿರಲಿಲ್ಲ, ಊಟಕ್ಕೆ ಕೂತರೆ ತಾಟಿನ ಮುಂದೆ ಹಾಗೇ ಕುಳಿತಿರುತ್ತಿದ್ದಳು. ಮಹಾಸಭೆ ಮಾತ್ರ ಅವಳನ್ನು ಬಿಡಲಿಲ್ಲ. ಮಳೆ ಬಂದರೆ ಅವಳ ಹೆಸರು, ಬೆಳೆ ಬಂದರೆ ಅವಳ ಹೆಸರು. ಸದಸ್ಯರು ಮಾತು ಶುರುಮಾಡುವುದೇ "ಭಾಗ್ಯವತಿ ಭೌರವ್ವನವರ ನಾಡಿನಲ್ಲಿ" ಎಂದು. ಮುಂದಿನ ಬೇಸಿಗೆಗೆ ಕರಿಕಲ್ಲು ಎಂಬ ಊರಿನ ಯಂತ್ರ ಹಳೆಯದಾಗಿದೆ, ಹೊಸದು ಬೇಕು ಎಂದು ಒಬ್ಬ ಸದಸ್ಯರು ಕೇಳಿದಾಗ ಅಮರಗುಂಡಪ್ಪನವರು, "ಯಂತ್ರ ಬರುವವರೆಗೆ ಸ್ವತಃ ಭಾಗ್ಯವೇ ಆ ಊರಿನಲ್ಲಿ ವಾಸ ಮಾಡಲಿದೆ," ಎಂದರು. ಇದು ಹುಚ್ಚು ಎಂದು ಯಾರೂ ಅನ್ನಲಿಲ್ಲ. ಎದುರು ಪಕ್ಷದವರು ಗದ್ದಲ ಮಾಡಿದ್ದು ನಿಜ. ಆದರೆ ಅದು ಭಾಗ್ಯವತಿಯನ್ನು ಅವರ ಕ್ಷೇತ್ರಕ್ಕೆ ಏಕೆ ಕಳಿಸುತ್ತಿಲ್ಲ ಎಂದು. ಭಾಗ್ಯದ ಹಂಚಿಕೆಯಲ್ಲಿ ತಾರತಮ್ಯವಾಗಿದೆ ಎಂದು ಅವರು ಸದನದ ಬಾವಿಗಿಳಿದು ಧರಣಿ ಕುಳಿತರು.

ಆ ಬೇಸಿಗೆ ಕರಿಕಲ್ಲಿನ ಯಂತ್ರ ಹೇಗೋ ಕೆಡಲಿಲ್ಲ. ಅಷ್ಟೇ ಸಾಕಾಯಿತು. ಭಾಗ್ಯವಸತಿ ಮಸೂದೆ ಬಂದು ಪಾಸಾಯಿತು. ಪ್ರತಿ ಬೇಸಿಗೆ ದೊಡ್ಡವ್ವನನ್ನು ಒಂದೊಂದು ಊರಿಗೆ ಕಳಿಸುವುದು, ಆ ಊರಿನ ಯಂತ್ರದ ದುರಸ್ತಿಯನ್ನು ಮುಂದಕ್ಕೆ ಹಾಕುವುದು. ಕ್ರಮೇಣ ಅವಳು ಹೋಗದ ಊರುಗಳಲ್ಲೂ ದುರಸ್ತಿ ನಿಂತಿತು. ಯಂತ್ರ ಕೇಳುವ ಊರು ತನ್ನ ಭಾಗ್ಯವನ್ನೇ ನಂಬದ ಊರು ಎಂಬ ಮಾತು ಸದನದಲ್ಲಿ ಹುಟ್ಟಿತು. ಹಾಗೆ ಅನ್ನಿಸಿಕೊಳ್ಳಲು ಯಾವ ಊರಿಗೂ ಧೈರ್ಯವಿರಲಿಲ್ಲ.

ಅವ್ವ ತೀರಿಕೊಂಡ ಮೇಲೆ ನಾನು ದೊಡ್ಡವ್ವನ ಜೊತೆ ಹೋಗತೊಡಗಿದೆ. ಹೊನ್ನಹಳ್ಳ ಎಂಬ ಊರಿನಲ್ಲಿ ನಮಗೆ ತಂಪುಮನೆಯ ಬಾಗಿಲಿಗೆ ಅಂಟಿಕೊಂಡೇ ಮನೆ ಕೊಟ್ಟಿದ್ದರು. ಬೆಳಗಾದರೆ ಜನ ಬಂದು ಹೊಸ್ತಿಲು ಮುಟ್ಟುತ್ತಿದ್ದರು. ಮದುವಣಗಿತ್ತಿಯರು ಅವಳ ಕೈಯಿಂದ ಬಳೆ ತೊಡಿಸಿಕೊಳ್ಳುತ್ತಿದ್ದರು. ಅವಳು ಬಳೆ ತೊಡಿಸಿ, ಜನ ಹೋದ ಮೇಲೆ ಗೋಡೆಗೆ ಕಿವಿಯಿಟ್ಟು ಕುಳಿತುಕೊಳ್ಳುತ್ತಿದ್ದಳು. ಗೋಡೆಯಾಚೆ ಯಂತ್ರ ಒಂದು ಗಳಿಗೆ ಓಡಿ, ಒಂದು ಗಳಿಗೆ ನಿಂತು, ಕೆಮ್ಮಿದಂತೆ ಸದ್ದು ಮಾಡಿ ಮತ್ತೆ ಓಡುತ್ತಿತ್ತು. ಅದು ನನಗೂ ಕೇಳುತ್ತಿತ್ತು. ಇಡೀ ಊರಿಗೇ ಕೇಳುತ್ತಿತ್ತು.

ಊರ ಹಿರಿಯ ಬಸಲಿಂಗಪ್ಪ ಒಳ್ಳೆಯ ಮನುಷ್ಯ, ಹಿಟ್ಟಿನ ಗಿರಣಿ ನಡೆಸುತ್ತಿದ್ದ. ದೊಡ್ಡವ್ವ ಅವನನ್ನು ಕರೆಸಿ, "ಯಪ್ಪಾ, ಈ ಯಂತ್ರ ಈ ಸಲ ಬಾಳಿಕಿ ಬರೂದಿಲ್ಲ. ಗುಡ್ಡದಾಗ ಹಳೇ ಕಾಲುವಿ ಸುರಂಗ ಐತಿ, ನೀರೂ ಐತಿ. ಮಂದೀನ ಅಲ್ಲಿಗೆ ಕರಕೊಂಡು ಹೋಗು," ಅಂದಳು.

ಅವನು ನಕ್ಕ. "ನೀವ ಇದ್ದಮ್ಯಾಲ ನಮಗ್ಯಾತರ ಅಂಜಿಕಿ ಬೇ?"

"ನಾ ಇರೂದಕ್ಕೂ ಆ ಯಂತ್ರಕ್ಕೂ ಏನ ಸಂಬಂಧ?"

"ದೊಡ್ಡವರು ಹಿಂಗ ಮಾತಾಡೂದು," ಎಂದು ಕೈಮುಗಿದು ಹೋದ.

ಮರುದಿನವೇ ಕಹಳೆ ಊದಿತು. ಜನ ಗಂಟು ಹಿಡಿದು ಸಾಲಾಗಿ ನಿಂತರು. ನಾನು ಚಾಪೆ ಸುತ್ತುತ್ತಿದ್ದೆ. ದೊಡ್ಡವ್ವ ಎದ್ದು ಸೆರಗು ಬಿಗಿದುಕೊಂಡಳು. "ಏಳು, ಲೀಲಾ. ಈ ಮಂದಿಗೆ ನನ್ನ ಮಾತು ತಿಳಿಯೂದಿಲ್ಲ. ನಡಿಗಿ ತಿಳೀತೈತಿ."

ಅವಳು ಬಾಗಿಲಿನಿಂದ ಹೊರಟು, ಒಳಗೆ ಹೋಗಲು ನಿಂತಿದ್ದ ಆ ಸಾಲಿನ ಉದ್ದಕ್ಕೂ, ಪ್ರತಿಯೊಬ್ಬರ ಮುಖ ನೋಡುತ್ತ ಎದುರು ದಿಕ್ಕಿಗೆ ನಡೆದಳು. ಒಬ್ಬ ಹೆಂಗಸು, "ಭಾಗ್ಯವತಿ ಊರ ಬಿಟ್ಟು ಹೊಂಟ್ಲು!" ಎಂದು ಕಿರುಚಿದಳು. ಕೆಲವರು ಅಳುತ್ತ ಅವಳ ಕಾಲಿಗೆ ಬಿದ್ದರು, ಒಬ್ಬ ಮುದುಕ ಸೆರಗು ಹಿಡಿದೆಳೆದ. ಅವಳು ನಿಲ್ಲಲಿಲ್ಲ. ಸಾಲು ಮುರಿಯಿತು. ಮಕ್ಕಳನ್ನು ಹೊತ್ತುಕೊಂಡು, ಮುದುಕರನ್ನು ಕೈಬಂಡಿಯಲ್ಲಿ ಕೂಡಿಸಿಕೊಂಡು, ಊರಿಗೆ ಊರೇ ಅವಳ ಹಿಂದೆ ಗುಡ್ಡ ಹತ್ತಿತು. ಸುರಂಗದಲ್ಲಿ ಮೊಣಕಾಲುದ್ದ ತಣ್ಣನೆಯ ನೀರಿತ್ತು. ಅಲ್ಲಿ ಸದನಪೆಟ್ಟಿಗೆ ಇರಲಿಲ್ಲ. ಜನ ಬರೀ ತಮ್ಮ ತಮ್ಮೊಳಗೆ ಮಾತಾಡುವುದನ್ನು ನಾನು ಕೇಳಿದ್ದು ಅದೇ ಮೊದಲು.

ಬಸಲಿಂಗಪ್ಪ ಬರಲಿಲ್ಲ. ಭಾಗ್ಯವತಿ ತಿರುಗಿ ಬಂದೇ ಬರುತ್ತಾಳೆ ಎಂದು ಅವನೂ ಕೆಲವು ಮನೆಯವರೂ ಒಳಗಿಳಿದಿದ್ದರು. ಗಾಳಿ ಎದ್ದ ದಿನವೇ ಯಂತ್ರ ನಿಂತಿತು. ನಾವು ಇಳಿದು ಬಂದು ಬಾಗಿಲು ತೆಗೆದಾಗ ಅವನು ಹೊಸ್ತಿಲಿಗೆ ಕೈ ಚಾಚಿ ಮಲಗಿದ್ದ. ದೊಡ್ಡವ್ವ ಅವನ ತಲೆಯ ಬಳಿ ಕುಳಿತು, "ಹೇಳಿದ್ದೆನಲ್ಲೋ ಯಪ್ಪಾ," ಎಂದು ಒಂದೇ ಮಾತನ್ನು ಎಷ್ಟೋ ಹೊತ್ತು ಅಂದಳು.

ಮಹಾಸಭೆ ಅವಳನ್ನು ಸನ್ಮಾನಕ್ಕೆ ಕರೆಸಿತು. ನಾನು ಮೇಲಿನ ಗ್ಯಾಲರಿಯಲ್ಲಿದ್ದೆ. ಊರು ಉಳಿದದ್ದು ಒಕ್ಕೂಟದ ಸೌಭಾಗ್ಯ ಎಂದು ಮಂತ್ರಿಗಳು ಹೇಳಿದರು. ಆ ಸೌಭಾಗ್ಯ ಇನ್ನೂ ಬೇಗ ಬರಬಹುದಿತ್ತು ಎಂದು ಎದುರು ಪಕ್ಷ ಹೇಳಿತು. ದೊಡ್ಡವ್ವ ಹಾರವನ್ನು ತೆಗೆದು ಮೇಜಿನ ಮೇಲಿಟ್ಟು, ಯಾರೂ ಕೇಳದಿದ್ದರೂ ಮಾತಾಡಿದಳು.

"ಹಳೇಬಾವಡಿಯೊಳಗ ನನಗ ಒಳಗ ಜಾಗಾ ಇದ್ದಿಲ್ಲರೀ. ಅದಕ್ಕ ಹೊರಗ ಉಳಿದೆ. ಜಾಗಾ ಇದ್ದಿದ್ರ ನಾನೂ ಸಾಯ್ತಿದ್ದೆ. ಎಲ್ಲಾರಿಗೂ ಜಾಗಾ ಇದ್ದಿದ್ರ ಯಾರೂ ಸಾಯ್ತಿದ್ದಿಲ್ಲ. ಹೊನ್ನಹಳ್ಳದ ಯಂತ್ರ ಕೆಟ್ಟಿತ್ತು, ಅದಕ್ಕ ಹೊಂಟೆ. ಇದರಾಗ ಭಾಗ್ಯ ಎಲ್ಲೈತ್ರೀ?"

ಅವಳ ಮಾತು ಅವರಿಗೆ ಮುಟ್ಟಿತು ಅಂದುಕೊಂಡೆ. ಅಷ್ಟರಲ್ಲಿ ಯಾರೋ, "ಎಂಥ ವಿನಯ!" ಎಂದರು. ಎರಡೂ ಪಕ್ಷದವರು ಎದ್ದು ನಿಂತು ಮೇಜು ತಟ್ಟಿದರು. ಆ ಸದ್ದು ನಿಲ್ಲಲೇ ಇಲ್ಲ. ದೊಡ್ಡವ್ವ ನನ್ನನ್ನು ಹುಡುಕಿ ತಲೆ ಎತ್ತಿ ನೋಡಿದಳು. ನೀರಿನಲ್ಲಿ ಮುಳುಗುತ್ತಿರುವವರ ಕಣ್ಣು ಹಾಗಿರುತ್ತದೆ.

ಅದೇ ಅಧಿವೇಶನದಲ್ಲಿ ಭಾಗ್ಯವಸತಿ ಕಾಯ್ದೆಗೆ ತಿದ್ದುಪಡಿ ತಂದರು. ಬೇಸಿಗೆ ಮುಗಿಯುವವರೆಗೆ ಭಾಗ್ಯವತಿ ತನಗೆ ಗೊತ್ತುಮಾಡಿದ ಊರನ್ನು ಬಿಡಕೂಡದು. ಜೊತೆಗೆ ಇರಲು ನನ್ನನ್ನೂ ಬಿಡಲಿಲ್ಲ. ಮುಂದಿನ ವರ್ಷಗಳಲ್ಲಿ ಅವಳು ಊರೂರು ತಿರುಗಿದ್ದು ಕಾವಲಿನಲ್ಲಿ. ಎರಡು ಬೇಸಿಗೆಯ ಹಿಂದೆ ಬಿಳಿಹಾಳದ ತಂಪುಮನೆಯಲ್ಲಿ ಯಂತ್ರ ನಿಂತಿತು. ಊರೂ ಹೋಯಿತು, ದೊಡ್ಡವ್ವನೂ ಹೋದಳು. ನಾನು ಆ ಸುದ್ದಿಯನ್ನು ಪೆಟ್ಟಿಗೆಯಲ್ಲೇ ಕೇಳಿದೆ. "ಆಕೆಯ ಭಾಗ್ಯದ ಅವಧಿ ಮುಗಿದಿತ್ತು, ನಾವು ಅದನ್ನು ಗುರುತಿಸದೇ ಹೋದದ್ದು ದುರದೃಷ್ಟ," ಎಂದರು ಅಮರಗುಂಡಪ್ಪನವರು. ಈಗ ಹಣ್ಣು ಮುದುಕಿಯಾಗಿರುವ ಪದ್ಮಲೋಚನಾ ಅವರು ಎದ್ದು ಕೇಳಿದರು: "ಭಾಗ್ಯ ರಕ್ತದಲ್ಲಿ ಹರಿಯುತ್ತದೆ. ಆಕೆಯ ವಂಶದಲ್ಲಿ ಯಾರಿದ್ದಾರೆಂದು ಸರ್ಕಾರ ಹುಡುಕಿದೆಯೇ?"

ಇಷ್ಟು ವರ್ಷದ ಚರ್ಚೆಯಲ್ಲಿ ಅವರು ಸರ್ಕಾರವನ್ನು ಕೇಳಿದ್ದರಲ್ಲಿ ಉತ್ತರ ಸಿಕ್ಕ ಪ್ರಶ್ನೆ ಅದೊಂದೇ. ಹುಡುಕಿದರು. ನನಗೆ ಒಂಬತ್ತು ವರ್ಷದ ಮಗಳಿದ್ದಾಳೆ, ಮುಕ್ತಾ. ಚಿಕ್ಕವಳಿದ್ದಾಗ ಮಾಳಿಗೆಯಿಂದ ಹತ್ತಿ ತುಂಬಿದ ಅಂಡಿಗೆಚೀಲದ ಮೇಲೆ ಬಿದ್ದು ಗಾಯವಿಲ್ಲದೆ ಎದ್ದಿದ್ದಳು. ಓಣಿಯವರು ಅದನ್ನು ಇಂದಿಗೂ ಹೇಳುತ್ತಾರೆ, ಬಂದ ಅಧಿಕಾರಿಗಳಿಗೂ ಪ್ರೀತಿಯಿಂದಲೇ ಹೇಳಿದರು. ಇಂದು ಮಧ್ಯಾಹ್ನ ಅವಳು ಓಡುತ್ತ ಬಂದಳು. "ಅವ್ವಾ, ಸದನದಾಗ ನನ್ನ ಹೆಸರ ಹೇಳಿದ್ರು! ಎಲ್ಲಾರೂ ಮೇಜು ಬಡದ್ರು!" ಅವಳ ಬಾಯಲ್ಲಿ ಸಕ್ಕರೆ ಇತ್ತು, ನೆರೆಯವರು ಹಾಕಿದ್ದು. ಅವಳ ಹಿಂದೆಯೇ ಇಬ್ಬರು ಅಧಿಕಾರಿಗಳು ಬಂದು, ಮಗುವಿನ ಅಳತೆಗೆ ನೇಯಿಸಿದ ಜರಿ ಶಾಲು ಹೊದಿಸಿ, ನಾಳಿದ್ದು ಅವಳನ್ನು ಒಯ್ಯಲು ವಾಹನ ಬರುತ್ತದೆ ಎಂದು ಹೇಳಿ ಹೋದರು.

ನಿಮ್ಮ ಕಾಲದ ಸಭೆಗಳಲ್ಲೂ ಪುಣ್ಯ, ಭಾಗ್ಯ, ಅದೃಷ್ಟವಶಾತ್ ಎಂಬ ಮಾತುಗಳು ಇರಬೇಕು. ನಮ್ಮವರಿಗೆ ಅವು ಎಲ್ಲಿಂದಲೋ ಬಂದಿರಲೇಬೇಕಲ್ಲ. ಆ ಮಾತುಗಳು ಆಗ ಇನ್ನೂ ಸಣ್ಣವಾಗಿರಬಹುದು, ಯಾರನ್ನೂ ಕೊಂದಿರಲಿಕ್ಕಿಲ್ಲ. ಮನೆಯಲ್ಲಿ ದೇವರ ಮುಂದೆ ನೀವು ಪುಣ್ಯ ಅನ್ನುವುದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ದೊಡ್ಡವ್ವನೂ ದೀಪ ಹಚ್ಚುತ್ತಿದ್ದಳು. ಆದರೆ ಅಧಿಕಾರದಲ್ಲಿರುವವರು ಎದ್ದು ನಿಂತು, ನಮ್ಮ ಪುಣ್ಯ, ಇಷ್ಟು ಜನ ಉಳಿದರು ಎಂದಾಗ ದಯವಿಟ್ಟು ಮೇಜು ತಟ್ಟಲು ಬಿಡಬೇಡಿ. ಉಳಿದವರನ್ನು ಕರೆದು ಕೇಳಿ, ಹೇಗೆ ಉಳಿದಿರಿ ಎಂದು. ಅವರು ಹೇಳಿದ್ದನ್ನು ಪೂರ್ತಿ ಕೇಳಿ. ನೀವು ಅಲ್ಲಿ ಕೇಳಿದರೆ ಇಲ್ಲಿ ನನಗೆ ಇಂಥ ದಿನ ಬರದೇ ಇರಬಹುದು. ಹಿಂದಂಚೆಯ ಮೇಲೆ ನಾನಿಟ್ಟ ಆಸೆ ಇಷ್ಟೇ.

ನಾಳೆ ಬೆಳಕು ಹರಿಯುತ್ತಲೇ ನಾನೂ ನನ್ನ ಗಂಡನೂ ಮುಕ್ತಾಳನ್ನು ಕರೆದುಕೊಂಡು ಹೊನ್ನಹಳ್ಳದ ಗುಡ್ಡದ ಸುರಂಗದ ಕಡೆ ಹೊರಡುತ್ತೇವೆ. ದಾರಿಯಲ್ಲಿ ಅವಳನ್ನು ಯಾರೂ ಗುರುತಿಸಬಾರದು. ಒಂದು ಗಂಟೆಯಿಂದ ಬೇಡಿಕೊಳ್ಳುತ್ತಿದ್ದೇನೆ, ಗದರಿಸಿದ್ದೇನೆ, ಅತ್ತಿದ್ದೇನೆ. ಮಗಳು ಕನ್ನಡಿಯ ಮುಂದೆ ನಿಂತಿದ್ದಾಳೆ. ಆ ಶಾಲನ್ನು ಬಿಚ್ಚಲು ಒಪ್ಪುತ್ತಿಲ್ಲ.

ನಿಮ್ಮ ಮುಂದಿನವಳು,
ಶಿವಲೀಲಾ