ಒಳಗೆ ನುಂಗಿದ್ದು

ಮಾರ್ಚ್ 4, ಸೋಮವಾರ

ಎಂಟಕ್ಕೇ ಬಂದೆ. ಮಕ್ಕಳ ವಾರ್ಡಿನ ಆರು ಕಂಪ್ಯೂಟರುಗಳ ಧೂಳು ಒರೆಸಿ, ಕೀಬೋರ್ಡುಗಳನ್ನು ತಲೆಕೆಳಗು ಮಾಡಿ ಬಿಸ್ಕತ್ತಿನ ಪುಡಿ ಉದುರಿಸಿದೆ. ಈ ಆಸ್ಪತ್ರೆಯಲ್ಲಿ ನನ್ನ ವಿದ್ಯೆಗೆ ಅರ್ಧ ದಿನ ಇದೇ ಉಪಯೋಗ.

ಕೊನೆಗೂ ಸೊನ್ನೆ ಕಳ್ಳ ಸಿಕ್ಕಿಬಿದ್ದ. ಮಕ್ಕಳ ವಾರ್ಡಿನಲ್ಲಿ ‘ಹನಿಲೆಕ್ಕ’ ಅಂತ ಪ್ರೋಗ್ರಾಂ. ಮಗುವಿನ ತೂಕ ಕೊಟ್ಟರೆ ಡ್ರಿಪ್ಪಿನಲ್ಲಿ ಔಷಧ ಎಷ್ಟು ಹೋಗಬೇಕು ಎಂದು ಹೇಳುತ್ತದೆ. ಅದು 2.05 ಕಿಲೋವನ್ನು 2.5 ಎಂದು ಓದುತ್ತಿತ್ತು. ಚುಕ್ಕೆಯ ಪಕ್ಕದ ಸೊನ್ನೆ ಮಾಯ. ಹಿರಿಯ ನರ್ಸ್ ಕಳೆದ ವಾರ ಹಿಡಿದರು. ಅಂದಿನಿಂದ ಪ್ರತಿ ಮಗುವಿಗೂ ಕಾಗದದ ಮೇಲೆ ಲೆಕ್ಕ ಹಾಕಿ ತಾಳೆ ನೋಡುತ್ತಿದ್ದಾರೆ, ನನ್ನನ್ನು ಬೈಯುತ್ತಿದ್ದಾರೆ.

ತಪ್ಪು ಹನಿಲೆಕ್ಕದಲ್ಲಿ ಇರಲೇ ಇಲ್ಲ. ಅದು ಅಂಕಿ ಓದಲು ಬಳಸುವ ಇನ್ನೊಂದು ಪ್ರೋಗ್ರಾಂ ತುಣುಕಿನಲ್ಲಿ, ಲೈಬ್ರರಿ ಅನ್ನುತ್ತೇವಲ್ಲ, ಅದರಲ್ಲಿತ್ತು. ಎರಡೇ ಸಾಲು. ತಿದ್ದಿದೆ.

ಮಾರ್ಚ್ 5

ನಮ್ಮಲ್ಲಿ ಸಾಫ್ಟ್‌ವೇರ್ ರೆಡಿಮೇಡ್ ಬರುವುದಿಲ್ಲ. ಪ್ರತಿ ಯಂತ್ರವೂ ಸೋರ್ಸ್‌ನಿಂದ, ಅಂದರೆ ನಾವು ಬರೆದ ಮೂಲ ಸಾಲುಗಳಿಂದ, ತಾನೇ ಕಟ್ಟಿಕೊಳ್ಳುತ್ತದೆ. ನನಗಿಂತ ಮುಂಚೆ ಇದ್ದವರ ಏರ್ಪಾಡು. ಏನು ಕೊಟ್ಟರೂ ಕಟ್ಟಿಯೇ ತೀರುತ್ತಿದ್ದರಿಂದ ಅವರಿಗೆ ಮೇಸ್ತ್ರಿ ಅಂತಲೇ ಹೆಸರು. ಪ್ರತಿಯೊಂದಕ್ಕೂ ಹೇಗೆ ಕಟ್ಟಬೇಕೆಂದು ಹೇಳುವ ಒಂದು ರೆಸಿಪಿ ಫೈಲು, ಅದರ ತಲೆಯ ಮೇಲೆ ಒಂದು ಸಂಖ್ಯೆ. ಯಂತ್ರ ನೋಡುವುದು ಆ ಸಂಖ್ಯೆ ಒಂದನ್ನೇ. ಏರಿದ್ದರೆ ಮತ್ತೆ ಕಟ್ಟುತ್ತದೆ. ಇಲ್ಲದಿದ್ದರೆ ಮುಟ್ಟುವುದಿಲ್ಲ.

ಲೈಬ್ರರಿಯ ಸಂಖ್ಯೆ 3 ಇದ್ದದ್ದನ್ನು 4 ಮಾಡಿದೆ. ಆರೂ ಯಂತ್ರಗಳು ಕಟ್ಟಿಕೊಂಡವು. ಹನಿಲೆಕ್ಕದ ಸಂಖ್ಯೆ ಏರಿಸಲಿಲ್ಲ. ಅದರ ರೆಸಿಪಿಯಲ್ಲಿ ಒಂದಕ್ಷರವೂ ಬದಲಾಗಿಲ್ಲ, ಮುಟ್ಟದೆ ಇರುವುದಕ್ಕೆ ಯಾಕೆ ಏರಿಸಬೇಕು? ಏರಿಸಿದರೆ ಎರಡೆರಡು ಗಂಟೆ ಯಂತ್ರ ಸಿಗುವುದಿಲ್ಲ, ನರ್ಸ್‌ಗಳು ಜೀವ ತಿನ್ನುತ್ತಾರೆ. ನನ್ನ ಮೇಜಿನ ಯಂತ್ರದಲ್ಲಿ ಪರೀಕ್ಷಿಸಿದೆ. 2.05 ಅಂದರೆ 2.05. ಗೆದ್ದೆ.

ಹಿರಿಯ ನರ್ಸ್‌ಗೆ ಹೇಳಿದೆ — “ಸಿಸ್ಟರ್, ಸರಿಹೋಯ್ತು. ಇನ್ನು ಕಾಗದದ ಲೆಕ್ಕ ಬೇಡ.”

“ನಿಜವಾಗ್ಲೂ?”

“ನಿಜವಾಗ್ಲೂ.”

“ನೋಡಮ್ಮ, ನಿನ್ನ ಮಾತಿನ ಮೇಲೆ ನಿಲ್ಲಿಸ್ತಿದ್ದೀನಿ.” ಕಾಗದಗಳನ್ನು ಮಡಚಿ ಡ್ರಾಯರಿಗೆ ಹಾಕಿದರು. ನನಗೆ ಪ್ರಶಸ್ತಿ ಸಿಕ್ಕಷ್ಟು ಖುಷಿ.

ಮಾರ್ಚ್ 8

ಎರಡು ದಿನ ಬರೆದಿಲ್ಲ. ಅಕ್ಕನಿಗೆ ಎರಡು ತಿಂಗಳು ಮುಂಚೆಯೇ ಹೆರಿಗೆ ಆಯಿತು. ಹೆಣ್ಣು. 1.18 ಕಿಲೋ. ನಮ್ಮ ಮಕ್ಕಳ ವಾರ್ಡಿನಲ್ಲೇ ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ, ಒಂದು ಮೊಳದಷ್ಟೂ ಉದ್ದವಿಲ್ಲ. ಉಸಿರಾಟ ಮರೆಯುತ್ತಾಳಂತೆ, ಅದಕ್ಕೆ ಡ್ರಿಪ್. ಭಾವ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತೇ ಇದ್ದಾರೆ, ಕೂರು ಅಂದರೆ ಕೂರುವುದಿಲ್ಲ.

ಅಕ್ಕ ನನ್ನ ಕೈ ಬಿಡಲಿಲ್ಲ. “ಬೇರೆ ಆಸ್ಪತ್ರೆಗೆ ಹೋಗೋಣ ಅಂದ್ರು ಇವರು. ಬೇಡ ಅಂದೆ. ಇಲ್ಲಿ ಮಿಷನ್ನೆಲ್ಲ ನೀನು ನೋಡ್ಕೊಳ್ತೀಯಲ್ಲ.”

ಮಾರ್ಚ್ 10

1.13. ಮೊದಲ ದಿನಗಳಲ್ಲಿ ತೂಕ ಇಳಿಯುವುದು ಸಹಜ ಅಂತಾರೆ. ಸಹಜ ಅನ್ನುವವರಿಗೇನು... ನನಗೆ ಅನ್ನ ಇಳಿಯುತ್ತಿಲ್ಲ.

ಮಾರ್ಚ್ 11, ಬೆಳಿಗ್ಗೆ 10:20

1.09. ಚುಕ್ಕೆಯ ಪಕ್ಕ ಸೊನ್ನೆ! ಸದ್ಯ, ಕಳೆದ ವಾರವೇ ಸರಿಮಾಡಿದೆ. ಇಲ್ಲದಿದ್ದರೆ ನಮ್ಮ ಮಗುವಿಗೇ... ಯೋಚಿಸುವುದು ಬೇಡ. ಮೇಸ್ತ್ರಿಯವರಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಳ್ಳಬೇಕು.

ಮಧ್ಯಾಹ್ನ 12:15

ಮುಕ್ಕಾಲು ಹನ್ನೊಂದಕ್ಕೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ಹನಿಲೆಕ್ಕ ಆ ಲೈಬ್ರರೀನ ಕರೆಯುತ್ತಾ, ನುಂಗಿದೆಯಾ?”

ಅದು ಅವರದೇ ಮಾತು. ಕೆಲವು ಪ್ರೋಗ್ರಾಂಗಳು ಲೈಬ್ರರಿಯನ್ನು ಬೇಕಾದಾಗ ಕರೆಯುತ್ತವೆ. ಕೆಲವು, ಕಟ್ಟುವಾಗಲೇ ಅದರ ಪ್ರತಿಯನ್ನು ಹೊಟ್ಟೆಯೊಳಗೆ ಸೇರಿಸಿಕೊಂಡುಬಿಡುತ್ತವೆ. ಕರೆಯುತ್ತದೆ ಅಂದೆ. ನೋಡಿ ಹೇಳಿದ್ದಲ್ಲ, ಅಂದುಕೊಂಡು ಹೇಳಿದ್ದು.

“ನುಂಗಿದೆ ಕಣಮ್ಮ. ಬೇಕಂತಲೇ ನುಂಗಿಸಿದ್ದೆ ನಾನು. ಡಬ್ಬಕ್ಕೆ ಹೊಸ ಹಿಟ್ಟು ತುಂಬಿದ್ರೆ ಆಗಲೇ ಬೆಂದಿರೋ ಬ್ರೆಡ್ಡು ಬದಲಾಗುತ್ತಾ? ಹನಿಲೆಕ್ಕದ ಸಂಖ್ಯೆ ಏರಿಸಿದ್ದೀಯ ತಾನೆ?”

ಏರಿಸಿಲ್ಲ. ನನ್ನ ಮೇಜಿನ ಯಂತ್ರದಲ್ಲಿ ಕಳ್ಳನನ್ನು ಹುಡುಕುವಾಗ ಎಲ್ಲವನ್ನೂ ಹತ್ತು ಸಲ ಹೊಸದಾಗಿ ಕಟ್ಟಿದ್ದೆ. ಅದಕ್ಕೇ ಅಲ್ಲಿ ಸರಿ ಬಂತು. ವಾರ್ಡಿನ ಆರರಲ್ಲೂ ಹಳೆಯದೇ ಓಡುತ್ತಿದೆ.

1.09. ಬೆಳಿಗ್ಗೆ ಆರಕ್ಕೆ ತೂಕ ಹಾಕಿದ್ದಾರೆ. 1.9.

ಮಧ್ಯಾಹ್ನ 12:30

ಉಳಿದದ್ದನ್ನೂ ಬರೆದುಬಿಡುತ್ತೇನೆ.

ಫೋನ್ ಇಟ್ಟವಳೇ ಮೂರು ಮಹಡಿ ಮೆಟ್ಟಿಲು ಹತ್ತಿ ಓಡಿದೆ. ಹಿರಿಯ ನರ್ಸ್ ನನ್ನ ಮುಖ ನೋಡಿದ್ದೇ ಡ್ರಿಪ್ ನಿಲ್ಲಿಸಿದರು, ಆಮೇಲೆ ಏನು ಅಂತ ಕೇಳಿದರು. ಐದು ಗಂಟೆ, ಕೊಡಬೇಕಾದ್ದಕ್ಕಿಂತ ಮುಕ್ಕಾಲು ಪಾಲು ಹೆಚ್ಚು ಹೋಗಿದೆ. ಎದೆಬಡಿತ 208. ಇನ್ಫೆಕ್ಷನ್ ಇರಬಹುದು ಅಂತ ಡಾಕ್ಟರ್ ಆಗಲೇ ರಕ್ತ ತೆಗೆಸಿದ್ದರಂತೆ. ಇನ್ಫೆಕ್ಷನ್ ಅಲ್ಲ, ನಾನು.

ಉಳಿದ ಮಕ್ಕಳ ತೂಕ ಒಂದೊಂದಾಗಿ ನೋಡಿದೆವು. 2.3. 1.85. 1.62. 2.14. ಯಾರಿಗೂ ಆ ಜಾಗದಲ್ಲಿ ಸೊನ್ನೆ ಇಲ್ಲ. ಇಡೀ ವಾರ್ಡಿನಲ್ಲಿ ಒಬ್ಬಳಿಗೇ.

ಹಿರಿಯ ನರ್ಸ್ ಬೈಯಲಿಲ್ಲ. ಡ್ರಾಯರ್ ತೆರೆದು ಮಡಚಿದ ಕಾಗದ ಹೊರಗೆ ತೆಗೆದು ಬಿಡಿಸಿದರು. ಬೈದಿದ್ದರೆ ಚೆನ್ನಾಗಿತ್ತು.

2:10

ಹನಿಲೆಕ್ಕದ ಸಂಖ್ಯೆ 7 ಇತ್ತು. 8 ಮಾಡಿದೆ. ಒಂದು ಕೀಲಿ ಒತ್ತುವಷ್ಟು ಕೆಲಸ. ಆರೂ ಯಂತ್ರಗಳು ಕಟ್ಟುತ್ತಿವೆ. ಪರದೆಯ ಮೇಲೆ ಸಾಲುಗಳು ಹರಿಯುವುದನ್ನು ನೋಡುತ್ತಾ ಕೂತಿದ್ದೇನೆ. ಈ ಎರಡು ಗಂಟೆ ಉಳಿಸಬೇಕು ಅಂತಲ್ಲವೇ ನಾನು...

ಎದೆಬಡಿತ 196.

ಸಂಜೆ 4:30

ಕಟ್ಟಿ ಮುಗಿಯಿತು. ಈ ಸಲ ವಾರ್ಡಿಗೇ ಹೋಗಿ ಒಂದೊಂದರಲ್ಲೂ 1.09 ಹಾಕಿ ನೋಡಿದೆ. ಆರೂ 1.09 ಅಂದವು. ನಂಬಿಕೆ ಬರದೆ ಮತ್ತೆ ಹಾಕಿದೆ.

184. ಇಳಿಯುತ್ತಿದೆ, ಆದರೆ ನಾಳೆ ಬೆಳಿಗ್ಗೆವರೆಗೆ ಏನೂ ಹೇಳುವ ಹಾಗಿಲ್ಲ ಅಂದರು ಡಾಕ್ಟರ್. ತಂದೆತಾಯಿಗೆ ಈಗಲೇ ತಿಳಿಸಬೇಕು, ನಾನು ಹೇಳಲಾ ಅಂತ ಕೇಳಿದರು. ಬೇಡ, ನಾನೇ ಹೇಳುತ್ತೇನೆ ಅಂದೆ. ಅಂದುಬಿಟ್ಟೆ.

5:05

ಅಕ್ಕನ ಕೋಣೆ. ಭಾವ ಔಷಧಿ ತರಲು ಕೆಳಗೆ ಹೋಗಿದ್ದಾರೆ, ಬರಲಿ ಅಂತ ಕಾಯುತ್ತಿದ್ದೇನೆ. ಸುಳ್ಳು. ಹೆದರಿಕೊಂಡು ಕೂತಿದ್ದೇನೆ. ಮಡಿಲಲ್ಲಿ ಈ ಪುಸ್ತಕ. ಅಕ್ಕ ಟವೆಲ್ ಮಡಚುತ್ತಾ ಮಾತಾಡುತ್ತಲೇ ಇದ್ದಾಳೆ.

“ಬೆಳಿಗ್ಗೆ ಏನೋ ಓಡಾಟ ಆಯ್ತಂತೆ. ನೀನೇ ಓಡಿ ಬಂದು ನಿಲ್ಲಿಸಿದ್ಯಂತೆ, ಆಯಾ ಹೇಳಿದ್ಲು. ನಾನು ಹೇಳಿರಲಿಲ್ವಾ ಇವರಿಗೆ, ಅವಳಿದ್ದಾಳೆ ಅಂತ.”

ಭಾವನ ಚಪ್ಪಲಿ ಸದ್ದು ಕಾರಿಡಾರಿನಲ್ಲಿ.

“ಏನೇ ಅದು, ಆಗಿನಿಂದ ಬರೀತಾ ಇದ್ದೀಯ? ಓದು, ನಾನೂ ಕೇಳ್ತೀನಿ.”

ಓದುತ್ತೇನೆ. ಬಾಯಲ್ಲಿ ಹೇಳಲು ಆಗದು, ಓದಿಯೇಬಿಡುತ್ತೇನೆ. 5ನೇ ತಾರೀಕಿನಿಂದ, ಹನಿಲೆಕ್ಕದ ಸಂಖ್ಯೆ ಏರಿಸಲಿಲ್ಲ ಅನ್ನುವಲ್ಲಿಂದ —